ಹನ್ನೊಂದು ಸಲ ಎಪ್ಪತ್ತೆಂಟು

“ನಾಲ್ಕೂವರೆಗೆ ನಾಡಿ ಎಪ್ಪತ್ತೆಂಟು ಅಂತ ಬರೆದಿದೆಯಲ್ಲ, ಇದು ಯಾರ ನಾಡಿ?” ಎಂದು ಕೇಳಿ ತಂದೆ ಕಾಗದವನ್ನು ಕಿಂಡಿಯೊಳಕ್ಕೆ ವಾಪಸು ತಳ್ಳಿದರು.

ದಾಖಲೆ ಕೋಣೆಯ ಗುಮಾಸ್ತ ಅದನ್ನು ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಮೇಲಿನ ಸಾಲು ತೋರಿಸಿದ. “ನಿಮ್ಮ ಮನೆಯವರದೇ. ಹೆಸರು, ವಯಸ್ಸು, ಹಾಸಿಗೆ ನಂಬರು ಎಲ್ಲ ಸರಿ ಇದೆ ನೋಡಿ.”

“ಹೆಸರು ಸರಿ ಇದೆ, ಯಾರು ಇಲ್ಲ ಅಂದ್ರು? ಅವಳು ಹೋದದ್ದು ನಾಲ್ಕು ಹತ್ತಕ್ಕೆ. ಹೋಗಿ ಇಪ್ಪತ್ತು ನಿಮಿಷ ಆದಮೇಲೆ ನಾಡಿ ಹೇಗೆ ಹೊಡ್ಕೊಳ್ತು?”

“ಇಲ್ಲಿ ನಾಲ್ಕು ನಲವತ್ತು ಅಂತಿದೆ, ಯಜಮಾನ್ರೆ.”

“ಅದು ಡಾಕ್ಟರು ಬಂದ ಹೊತ್ತು. ಅವಳು ಹೋದ ಹೊತ್ತಲ್ಲ.”

ತಂದೆ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟೈಂ ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆಯುವುದೇ ಕೆಲಸ. ಏನೇ ಆಗಲಿ, ಮೊದಲು ಗಡಿಯಾರ ನೋಡುವುದು ಅವರಿಗೆ ರೆಪ್ಪೆ ಬಡಿದಷ್ಟು ಸಹಜ. ಮಗಳು ಹುಟ್ಟಿದ ಸುದ್ದಿ ತಂದವರನ್ನೂ ಮೊದಲು ಕೇಳಿದ್ದು “ಎಷ್ಟು ಗಂಟೆಗೆ?” ಎಂದೇ. ಮೂರು ವಾರದ ಹಿಂದೆ, ಹೆಂಡತಿಯ ಕೈ ತಮ್ಮ ಕೈಯೊಳಗೆ ಸಡಿಲವಾದಾಗಲೂ ಕಣ್ಣು ತಾನಾಗಿ ಗೋಡೆಯ ಗಡಿಯಾರಕ್ಕೆ ಹೋಗಿತ್ತು. ಆಮೇಲೆ ಅದಕ್ಕಾಗಿ ನಾಚಿಕೆಪಟ್ಟಿದ್ದರು. ಆದರೆ ನೋಡಿದ್ದು ನೋಡಿದ್ದೇ.

ಹಿಂದೆ ನಿಂತಿದ್ದ ಮಗಳು ಕೈ ಚಾಚಿ ಕಾಗದವನ್ನು ತೆಗೆದುಕೊಂಡಳು. ಅವಳು ಇದೇ ಆಸ್ಪತ್ರೆಯಲ್ಲಿ ಡಾಕ್ಟರ್ ಓದು ಮುಗಿಸಿ, ಕೊನೆಯ ವರ್ಷದ ದುಡಿಮೆಯನ್ನೂ ಹೋದ ವಾರವಷ್ಟೇ ಮುಗಿಸಿದವಳು. ಇಂಥ ಕಾಗದವನ್ನು ಹೇಗೆ ಓದಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನಾಡಿ ಎಪ್ಪತ್ತೆಂಟು. ಹನ್ನೊಂದೂವರೆಗೆ ಎಪ್ಪತ್ತೆಂಟು. ಹನ್ನೆರಡಕ್ಕೆ ಎಪ್ಪತ್ತೆಂಟು. ಬೆರಳಿಟ್ಟು ಕೆಳಗಿಳಿದಳು. ಮೊದಲಿನ ಒಂದನ್ನು ಬಿಟ್ಟರೆ ಹನ್ನೊಂದು ಸಲ, ನಾಲ್ಕೂವರೆಯವರೆಗೆ, ಒಂದಂಕಿ ಹೆಚ್ಚಿಲ್ಲ, ಒಂದಂಕಿ ಕಡಿಮೆಯಿಲ್ಲ. ರಕ್ತದೊತ್ತಡವೂ ಅದೇ. ಜ್ವರದ ಅಂಕಿಯೂ ಅದೇ. ಬದುಕಿರುವ ಯಾರ ನಾಡಿಯೂ ಹಾಗೆ ನಡೆಯುವುದಿಲ್ಲ. ಅಂದರೆ ಹನ್ನೊಂದರ ಮೇಲೆ ಅಮ್ಮನ ಮಣಿಕಟ್ಟನ್ನು ಯಾರೂ ಮುಟ್ಟಿರಲಿಲ್ಲ.

“ತಿದ್ದಿಕೊಡಿ,” ಎಂದರು ತಂದೆ.

“ದಾಖಲೆಗೆ ಬೀಗ ಬಿದ್ದಿದೆ. ನಮ್ಮ ಕೈಲಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರಿಗೆ ಅರ್ಜಿ ಕೊಡಿ, ಅವರು ಸಾಫ್ಟ್‌ವೇರ್ ಕಂಪನಿಗೆ ಕಳಿಸ್ತಾರೆ.”

“ಕಂಪನಿಯವರು ಏನು ಮಾಡ್ತಾರೆ?”

“ಆಸ್ಪತ್ರೆಗೆ ಬರೀತಾರೆ.”

“ಆಸ್ಪತ್ರೆ?”

ಗುಮಾಸ್ತನಿಗೇ ನಗು ಬಂತು. ಬಂದ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದ. ತಂದೆ ನಗಲಿಲ್ಲ. “ನಾಲ್ಕು ಹತ್ತು ಅಂತ ದೇವರಿಗೆ ಗೊತ್ತು, ತಮ್ಮಾ. ನನಗೂ ಗೊತ್ತು. ಈ ಕಾಗದಕ್ಕೊಂದು ಗೊತ್ತಿಲ್ಲ. ಅದಕ್ಕೂ ಗೊತ್ತಾಗಬೇಕು, ಅಷ್ಟೇ ನಾನು ಕೇಳ್ತಿರೋದು,” ಎಂದರು.

ಮನೆಯಲ್ಲಿ ಊಟದ ಮೇಜಿನ ಮೇಲೆ ಎರಡು ಪತ್ರಗಳು ವಾರದಿಂದ ಹಾಗೇ ಬಿದ್ದಿದ್ದವು. ಒಂದು ಅದೇ ಆಸ್ಪತ್ರೆಯದು. ಅಮ್ಮ ಇದ್ದ ದೊಡ್ಡ ವಾರ್ಡಿಗೇ ಕಿರಿಯ ವೈದ್ಯೆಯಾಗಿ ಸೇರಬೇಕು, ಮೂರು ವರ್ಷ ಮುಂದಿನ ತರಬೇತಿ. ಇನ್ನೊಂದು ಒಂದು ತಂತ್ರಜ್ಞಾನ ಕಂಪನಿಯದು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಆ ಕಂಪನಿ ಅವಳನ್ನು ವೈದ್ಯಕೀಯ ಸಲಹೆಗಾರ್ತಿಯಾಗಿ ಕರೆದಿತ್ತು. ಎರಡಕ್ಕೂ ಶುಕ್ರವಾರ ಸಂಜೆ ಐದರೊಳಗೆ ಉತ್ತರ ಹೋಗಬೇಕು. ಅಂದು ಮಂಗಳವಾರ.

ಅತ್ತಿಗೆ ತೀರಿಕೊಂಡ ದಿನ ಬಂದ ಸೋದರತ್ತೆ ಇನ್ನೂ ಹೋಗಿರಲಿಲ್ಲ. ಅಣ್ಣನಿಗೂ ಅವನ ಮಗಳಿಗೂ ಹೊತ್ತಿಗೆ ಬಡಿಸುವುದು, ಮನೆಯಲ್ಲಿ ಮಾತು ನಿಲ್ಲದಂತೆ ನೋಡಿಕೊಳ್ಳುವುದು, ಎರಡೂ ತನ್ನ ಕರ್ತವ್ಯವೆಂದು ತಿಳಿದಿದ್ದಳು.

“ಡಾಕ್ಟರಾದ್ರೆ ಹೊತ್ತಿಗೆ ಊಟ ಇಲ್ಲ, ಕಂಪ್ಯೂಟರಿಗೆ ಹೋದ್ರೆ ಹೊತ್ತಿಗೆ ಹಸಿವೇ ಇಲ್ಲ. ಹೊಟ್ಟೆಗೆ ಎರಡೂ ಒಂದೇ ಕಣೇ. ಯಾವುದರಲ್ಲಿ ನಿದ್ದೆ ಜಾಸ್ತಿ ಅಂತ ನೋಡ್ಕೊಂಡು ಸಹಿ ಹಾಕು,” ಎಂದಳು.

“ತಮಾಷೆ ಸಾಕು,” ಎಂದರು ತಂದೆ. “ಅವಳು ಕಂಪನಿಗೆ ಹೋಗ್ತಾಳೆ. ನನ್ನ ಹೆಂಡತೀನ ತಿಂದ ಕಟ್ಟಡಕ್ಕೆ ನನ್ನ ಮಗಳು ದಿನಾ ಬೆಳಿಗ್ಗೆ ಹೋಗಿ ನಮಸ್ಕಾರ ಹೇಳೋದು ಬೇಡ.”

“ಆರು ವರ್ಷ ಡಾಕ್ಟರ್ ಓದಿಸಿ, ಈಗ ಕಂಪ್ಯೂಟರ್ ಮುಂದೆ ಕೂರಿಸ್ತೀಯಾ ಅಣ್ಣಾ?”

“ಓದಿದ್ದು ಎಲ್ಲಿಗೆ ಬಂತು ಅಂತ ಆ ಸಿಸ್ಟರನ್ನ ಕೇಳು!” ತಂದೆಯ ಧ್ವನಿ ಏರಿತು. “ಎರಡು ಗಂಟೆಗೆ ಎದ್ದು ಹೋಗಿ ಹೇಳಿದೆ. ‘ಇವಳ ಕೈ ತಣ್ಣಗಾಗ್ತಿದೆ, ಸ್ವಲ್ಪ ಬಂದು ನೋಡಿ ತಾಯಿ’ ಅಂತ. ಬಂದಳಾ? ಇಲ್ಲ. ತಿರುಗಿ ಗೋಡೆ ನೋಡಿದಳು. ‘ಹಸಿರಿದೆಯಲ್ಲ, ಯಾಕೆ ಗಾಬರಿ’ ಅಂದಳು. ಹಾಸಿಗೆ ಪಕ್ಕ ಕೂತವನು ನಾನು. ಗೋಡೆ ಪಕ್ಕ ನಿಂತವಳು ಅವಳು. ಗೋಡೆ ಮಾತು ನಡೀತು, ನನ್ನ ಮಾತು ನಡೀಲಿಲ್ಲ.”

ವಾರ್ಡಿನ ಗೋಡೆಯ ಮೇಲೆ ಬಾಗಿಲಗಲದ ಪರದೆಯೊಂದಿತ್ತು. ಹಾಸಿಗೆಗೊಂದು ಚೌಕ. ನರ್ಸು ಅರ್ಧ ಗಂಟೆಗೊಮ್ಮೆ ರೋಗಿಯನ್ನು ನೋಡಿ ಅಂಕಿಗಳನ್ನು ತುಂಬಿದರೆ ಚೌಕ ಹಸಿರು, ತಡವಾದರೆ ಹಳದಿ, ಇನ್ನೂ ತಡವಾದರೆ ಕೆಂಪು. ಅದೇ ಪರದೆಯನ್ನು ಆಸ್ಪತ್ರೆಯ ಯಾವ ಮೂಲೆಯಿಂದ ಬೇಕಾದರೂ ನೋಡಬಹುದಿತ್ತು.

ಮಗಳು ನೋಡಿದ್ದಳು. ಯಾರಿಗೂ ಹೇಳದ ಮಾತು ಅದು. ಆ ದಿನ ಅವಳಿಗೆ ಕೆಳಗಿನ ಮಹಡಿಯಲ್ಲಿ, ಮಕ್ಕಳ ವಾರ್ಡಿನಲ್ಲಿ ಕೆಲಸ. ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಬಿಡುವು ಸಿಕ್ಕಿತು. ಮೇಲೆ ಹೋಗಿ ಅಮ್ಮನನ್ನು ನೋಡಿ ಬರೋಣವೆಂದು ಎದ್ದವಳು, ಕೈಗೆ ಸಿಕ್ಕ ಪರದೆಯಲ್ಲಿ ಅಮ್ಮನ ಸಾಲು ತೆರೆದಳು. ಹಸಿರು. ನಾಡಿ ಎಪ್ಪತ್ತೆಂಟು. ಶ್ವಾಸಕೋಶದ ಸೋಂಕು ಇಳಿಯುತ್ತಿದೆ, ಅಮ್ಮ ಮಲಗಿರಬೇಕು, ಎಬ್ಬಿಸುವುದೇಕೆ ಎಂದುಕೊಂಡು ಆ ಹತ್ತು ನಿಮಿಷದಲ್ಲಿ ಒಂದು ಬ್ರೆಡ್ಡು ತಿಂದಳು. ಅವಳು ಮೇಲೆ ಹೋದದ್ದು ಫೋನು ಬಂದಮೇಲೆ, ನಾಲ್ಕು ಮೂವತ್ತೈದಕ್ಕೆ.

ಬುಧವಾರ ಅವಳು ದೊಡ್ಡ ಸಿಸ್ಟರನ್ನು ಹುಡುಕಿಕೊಂಡು ಹೋದಳು. ಇಪ್ಪತ್ತೈದು ವರ್ಷದಿಂದ ಆ ವಾರ್ಡನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಹಾಸುಬಟ್ಟೆ ಇಡುವ ಕೋಣೆಯಲ್ಲಿ ಮಡಿಸಿದ ಹೊದಿಕೆಗಳ ರಾಶಿಯ ಮೇಲೆ ಕೂತು, ಬೂಟು ಕಳಚಿ, ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು.

“ಬಯ್ಯೋಕೆ ಬಂದ್ಯಾ ಡಾಕ್ಟರಮ್ಮ? ಬಯ್ಯಿ. ಕೂತ್ಕೊಂಡು ಬಯ್ಯಿ, ನಿಂತ್ರೆ ಕಾಲು ಹೋಗುತ್ತೆ.”

“ಹನ್ನೊಂದು ಸಲ, ಸಿಸ್ಟರ್. ಒಂದು ಸಲಾನಾದ್ರೂ ಕೈ ಮುಟ್ಟಬಾರದಿತ್ತಾ?”

ಸಿಸ್ಟರ್ ಬೂಟನ್ನು ಕೈಯಲ್ಲಿ ಹಿಡಿದೇ ಹೇಳಿದಳು. “ಅವತ್ತು ನಲವತ್ತನಾಲ್ಕು ಹಾಸಿಗೆ, ನಾವಿಬ್ಬರು. ಮೂರನೇ ಹಾಸಿಗೆಯವನಿಗೆ ರಕ್ತವಾಂತಿ. ಅವನ ಹತ್ರ ಒಬ್ಬಳು ಪೂರ್ತಿ ನಿಂತಳು. ಉಳಿದ ನಲವತ್ಮೂರಕ್ಕೆ ನಾನೊಬ್ಬಳು. ಅರ್ಧ ಗಂಟೆಗೊಂದು ಸುತ್ತು ಮುಗಿಸಬೇಕು ಅಂದ್ರೆ ಒಬ್ಬೊಬ್ಬರಿಗೆ ಮುಕ್ಕಾಲು ನಿಮಿಷಾನೂ ಇಲ್ಲ. ನಾಡಿ ಒಂದನ್ನ ಸರಿಯಾಗಿ ಎಣಿಸೋಕೇ ಒಂದು ನಿಮಿಷ ಬೇಕು. ನೀನೇ ಹೇಳು, ನಾನು ಮನುಷ್ಯಳಾ, ಫ್ಯಾನಾ?”

“ಕೆಂಪಾಗೋಕೆ ಬಿಡಬಹುದಿತ್ತು.”

“ಬಿಟ್ಟಿದ್ದೆ. ಹಿಂದಿನ ತಿಂಗಳು ಏಳು ಕೆಂಪು ಬಂದವು ಅಂತ ನನಗೆ ನೋಟಿಸು ಕೊಟ್ರು. ಈ ತಿಂಗಳು ಎಲ್ಲ ಹಸಿರು ಮಾಡಿದೆ. ಒಬ್ಬರು ಸತ್ತರು. ಅದಕ್ಕೆ ನೋಟಿಸು ಬಂದಿಲ್ಲ.”

ಮಗಳಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಎದುರಿಗೆ ಕೂತವಳ ಊದಿದ ಕಾಲು ನೋಡಿದರೆ ಬಯ್ಯಲು ಬಾಯಿ ಬರಲಿಲ್ಲ.

“ಇನ್ನೊಂದು ಮಾತು,” ಎಂದಳು ಸಿಸ್ಟರ್, ಮೆಲ್ಲಗೆ. “ಆ ಗುಂಡಿ ಯಾರದು ಡಾಕ್ಟರಮ್ಮ? ‘ಹಿಂದಿನಂತೆಯೇ’ ಅಂತ ಒತ್ತಿದ್ರೆ ಹಳೇ ಅಂಕಿ ತಾನೇ ಬಂದು ಕೂರುತ್ತಲ್ಲ, ಅದು? ಅದು ಬಂದ ದಿನ ನಿನ್ನ ಎರಡೂ ಕೈ ಹಿಡ್ಕೊಂಡು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂದವಳು ನಾನೇ.”

ನಿಜ. ಒಂಬತ್ತು ತಿಂಗಳ ಹಿಂದೆ ಆಸ್ಪತ್ರೆಯ ಸಭಾಂಗಣದಲ್ಲಿ ಕಂಪನಿಯವರು ಕೂಟ ಕರೆದು, ನಮ್ಮ ಪರದೆಯಲ್ಲಿ ಏನು ಸುಧಾರಣೆ ಬೇಕು ಹೇಳಿ ಎಂದಿದ್ದರು. ದೊಡ್ಡವರೆಲ್ಲ ಸುಮ್ಮನೆ ಬಿಸ್ಕತ್ತು ತಿನ್ನುತ್ತಿದ್ದಾಗ ಎದ್ದು ನಿಂತವಳು ಇವಳು. ನಾಳೆ ಮನೆಗೆ ಹೋಗುವಷ್ಟು ಗುಣವಾದವರಿಗೂ ನರ್ಸುಗಳು ಅದದೇ ಅಂಕಿಗಳನ್ನು ಒಂದೊಂದಾಗಿ ತುಂಬಿ ಬೆರಳು ಸವೆಸುತ್ತಾರೆ, ಅಂಥವರಿಗೆ ಒಂದೇ ಗುಂಡಿ ಕೊಡಿ, ಉಳಿದ ಹೊತ್ತನ್ನು ಅವರು ಹೆಚ್ಚು ಕಾಯಿಲೆಯವರಿಗೆ ಕೊಡಲಿ ಎಂದಳು. ಸಭೆ ಚಪ್ಪಾಳೆ ತಟ್ಟಿತು. ಗುಂಡಿ ಎರಡೇ ವಾರದಲ್ಲಿ ಬಂತು. ಆದರೆ ಬಂದದ್ದು ಎಲ್ಲ ಹಾಸಿಗೆಗಳಿಗೂ. ಅದು ಅವಳ ಗಮನಕ್ಕೂ ಬಂದಿತ್ತು. ಹೇಳಬೇಕೆಂದುಕೊಂಡಳು. ಆ ಹೊತ್ತಿಗೆ ಕಂಪನಿಯಿಂದ ಮೆಚ್ಚುಗೆಯ ಪತ್ರ ಬಂದಿತ್ತು. ಹೇಳುವುದು ಹಾಗೇ ಉಳಿಯಿತು. ಈಗ ಊಟದ ಮೇಜಿನ ಮೇಲಿದ್ದ ಕೆಲಸದ ಪತ್ರವೂ ಆ ಚಪ್ಪಾಳೆಯ ಹಿಂದೆಯೇ ಬಂದದ್ದು.

“ನಾನು ಹೇಳಿದ್ದು ಗುಣ ಆದವರಿಗೆ ಮಾತ್ರ,” ಎಂದಳು.

“ನೀನು ಹೇಳಿದ್ದು ಅಷ್ಟೇ. ಬಂದದ್ದು ಅಷ್ಟೂ ಹಾಸಿಗೆಗೆ. ಬಂದದ್ದನ್ನ ನಾನು ಒತ್ತಿದೆ. ತಪ್ಪು ಮಾಡಿಲ್ಲ ಅಂತ ನಾನು ಹೇಳಲ್ಲ. ನಿಮ್ಮಪ್ಪ ಬಂದು ಕರೆದಾಗ ನಾನು ಹೋಗಬೇಕಿತ್ತು. ಹೋಗಲಿಲ್ಲ. ಅದು ನನ್ನದು, ಸಾಯೋವರೆಗೂ ಹೊತ್ಕೊಳ್ತೀನಿ. ಆದ್ರೆ ಮೂಟೆ ಪೂರ್ತಿ ನನ್ನ ತಲೆ ಮೇಲೇ ಇಡಬೇಡ.” ಸಿಸ್ಟರ್ ಬೂಟಿಗೆ ಕಾಲು ತೂರಿಸಿದಳು. ಹೊರಗೆ ಯಾರೋ ಕೂಗುತ್ತಿದ್ದರು.

ಗುರುವಾರ ಮಧ್ಯಾಹ್ನ ಅವಳು ಕಂಪನಿಗೆ ಹೋದಳು. ಆರನೆಯ ಮಹಡಿ. ನೆಲದ ಮೇಲೆ ಹೆಜ್ಜೆಯ ಸದ್ದೂ ಕೇಳದಂಥ ಜಮಖಾನ, ಗಾಜಿನ ಕೋಣೆಗಳು, ಮೂಲೆಮೂಲೆಯಲ್ಲಿ ಒರೆಸಿಟ್ಟಂತೆ ಹೊಳೆಯುವ ಎಲೆಗಳ ಗಿಡಗಳು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನರಳುವವರಿಲ್ಲ, ವಾಸನೆಯಿಲ್ಲ. ಒಂದು ಗಳಿಗೆ ಅವಳಿಗೆ ಇಲ್ಲೇ ಎಲ್ಲಾದರೂ ಒಂದು ಕುರ್ಚಿಯಲ್ಲಿ ಕೂತುಬಿಡಬೇಕೆನ್ನಿಸಿತು. ಅದನ್ನು ಅಲ್ಲಗಳೆಯುವಂತಿಲ್ಲ. ಆರು ವರ್ಷ ನಿದ್ದೆಗೆಟ್ಟ ದೇಹ ಅದು.

ಮ್ಯಾನೇಜರು ಅವಳಿಗಿಂತ ಏಳೆಂಟು ವರ್ಷ ದೊಡ್ಡವನಿರಬೇಕು. ಬಿಳಿಯ ಕ್ಯಾನ್ವಾಸ್ ಬೂಟು, ಪ್ರೀತಿಯ ಮಾತು. “ಬನ್ನಿ ಡಾಕ್ಟರ್! ನಿಮ್ಮ ಗುಂಡಿ ನಮ್ಮ ಮನೆದೇವರಾಗಿದೆ,” ಎಂದು ಗೋಡೆಯ ಮೇಲಿನ ನಕ್ಷೆ ತೋರಿಸಿದ. ಗುಡ್ಡ ಹತ್ತಿದಂತೆ ಗೆರೆಯೊಂದು ಏರಿತ್ತು. “ಎಲ್ಲ ಆಸ್ಪತ್ರೆ ಸೇರಿ ದಿನಕ್ಕೆ ಒಂದು ಲಕ್ಷ ಸಲ ಒತ್ತುತ್ತಾರೆ. ಬೇರೆ ಯಾವ ಗುಂಡಿಗೂ ಈ ಭಾಗ್ಯ ಇಲ್ಲ.”

ಅವಳು ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದಳು. “ಇದರಲ್ಲಿ ಹನ್ನೊಂದು ಸಲ ಒತ್ತಿದ್ದಾರೆ. ಕೊನೇ ಸಲ ಒತ್ತಿದಾಗ ಈ ರೋಗಿ ಸತ್ತು ಇಪ್ಪತ್ತು ನಿಮಿಷ ಆಗಿತ್ತು. ನಮ್ಮಮ್ಮ.”

ಮ್ಯಾನೇಜರಿನ ಮುಖ ಬಾಡಿತು. ಅವನು ಕೆಟ್ಟವನಲ್ಲ. ನಿಜವಾಗಿಯೇ ನೊಂದು ಎರಡು ಮಾತು ಹೇಳಿದ, ನೀರು ತರಿಸಿದ. ಆಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡ. “ಆದ್ರೆ ಡಾಕ್ಟರ್, ಇದು ಬಳಸಿದವರ ತಪ್ಪು. ಒತ್ತಿದ್ದು ನಾವಲ್ಲ.”

“ಸತ್ತವರಿಗೂ ಒತ್ತಬಹುದು ಅಂತ ಮಾಡಿಟ್ಟವರು ಯಾರು? ಒಂದು ಕೆಲಸ ಮಾಡಿ. ಆ ಗುಂಡಿ ಒತ್ತಿ ಬಂದ ಅಂಕಿಗೆ ಬೇರೆ ಬಣ್ಣ ಕೊಡಿ. ಬೂದು ಬಣ್ಣ. ನೋಡಿದ್ದು ಯಾವುದು, ನೋಡದೆ ತುಂಬಿದ್ದು ಯಾವುದು ಅಂತ ಗೊತ್ತಾಗಲಿ. ಇದು ಕಷ್ಟದ ಕೆಲಸವಾ?”

“ಕಷ್ಟ ಏನಿಲ್ಲ. ಒಂದು ದಿನದ ಕೆಲಸ.”

“ಮತ್ತೆ?”

ಅವನು ನಕ್ಷೆಯ ಕಡೆ ಕೈ ತೋರಿಸಿದ. “ಬೂದು ಬಣ್ಣ ಬಂದ್ರೆ ಪರದೆಯ ಮುಕ್ಕಾಲು ಭಾಗ ಬೂದಿ ಬಳಿದ ಹಾಗಾಗುತ್ತೆ. ಅಂಥ ಪರದೇನ ಯಾವ ಆಸ್ಪತ್ರೆ ಕೊಳ್ಳುತ್ತೆ ಹೇಳಿ? ಅವರಿಗೆ ಬೇಕಾಗಿರೋದು ಹಸಿರು.” ಆಮೇಲೆ ಮುಂದಕ್ಕೆ ಬಾಗಿ, ಧ್ವನಿ ಇಳಿಸಿದ. “ನೀವು ಒಳಗೆ ಬನ್ನಿ. ಒಳಗಿಂದ ನಿಧಾನಕ್ಕೆ ಹೇಳೋಣ. ಈಗ ಎಲ್ಲ ಆಸ್ಪತ್ರೆಯವರು ಮೊದಲು ಕೇಳೋದು, ನಿಮ್ಮಲ್ಲಿ ಡಾಕ್ಟರ್ ಯಾರಿದ್ದಾರೆ ಅಂತ. ನಿಮ್ಮ ಹೆಸರಿನ ಮುಂದೆ ಆ ಮಾತಿದೆಯಲ್ಲ, ಅದಿದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ.”

“ಬಣ್ಣ ಬದಲಾಯಿಸ್ತೀವಿ ಅಂತ ನನ್ನ ಕೆಲಸದ ಪತ್ರದಲ್ಲಿ ಬರೆದುಕೊಡ್ತೀರಾ?”

“ಅದು ಹೇಗಾಗುತ್ತೆ ಡಾಕ್ಟರ್?”

ಅವಳು ಕಾಗದವನ್ನು ಮಡಿಸಿದಳು. ತಾನು ಕಲಿತ ವಿದ್ಯೆ ಇವರಿಗೆ ಬೇಡ, ವಿದ್ಯೆಯ ಮೊಹರು ಬೇಕು ಎಂದು ಅವಳಿಗೆ ಅರ್ಥವಾಯಿತು. ಅಷ್ಟು ಸಿಟ್ಟಿನಲ್ಲೂ ಅವಳು ಕುರ್ಚಿಯನ್ನು ಸರಿಯಾಗಿ ಮೇಜಿನೊಳಕ್ಕೆ ತಳ್ಳಿಯೇ ಎದ್ದುಬಂದಳು. ಅಮ್ಮ ಕಲಿಸಿದ ಅಭ್ಯಾಸ.

ಸಂಜೆ ಇನ್ನೂ ಬಿಸಿಲಿತ್ತು. ತಂದೆ ಹೊರಬಾಗಿಲ ಮೆಟ್ಟಿಲ ಮೇಲೆ ಕೂತು ಸೂಪರಿಂಟೆಂಡೆಂಟರಿಗೆ ಅರ್ಜಿ ಬರೆಯುತ್ತಿದ್ದರು. ಅದು ನಾಲ್ಕನೆಯ ಪ್ರತಿ. ಹಿಂದಿನ ಮೂರರಲ್ಲಿ ಕೋಪ ಜಾಸ್ತಿಯಾಯಿತೆಂದು ಹರಿದಿದ್ದರು. ಮಗಳು ಪಕ್ಕದಲ್ಲಿ ಕೂತಳು. ಬಾಗಿಲೊಳಗಿಂದ ಸೋದರತ್ತೆ, “ಏನಂದ್ರು ನಿನ್ನ ಕಂಪನಿ ಭಾವಂದಿರು?” ಎಂದು ಕೇಳಿ, ಅವಳ ಮುಖ ನೋಡಿ ಒಳಗೆ ಹೋದಳು.

ಮಗಳು ಎಲ್ಲವನ್ನೂ ಹೇಳಿದಳು. ಆ ಗೋಡೆಯ ಪರದೆಯನ್ನು ಮಾಡಿದ್ದು ಇದೇ ಕಂಪನಿ ಎಂದಳು. ಗುಂಡಿಯ ಮಾತು ಮೊದಲು ತನ್ನ ಬಾಯಿಂದಲೇ ಹೊರಟದ್ದು ಎಂದಳು. ಎಲ್ಲ ಹಾಸಿಗೆಗೂ ಬಂದದ್ದು ಗೊತ್ತಿದ್ದೂ ಸುಮ್ಮನಿದ್ದೆ ಎಂದಳು. ಒಂದು ಗಂಟೆಗೆ ಹಸಿರು ನೋಡಿ ಮೇಲೆ ಬರದೆ ಬ್ರೆಡ್ಡು ತಿಂದೆ ಎಂದಳು. ಒಂದನ್ನೂ ಮೃದು ಮಾಡಲಿಲ್ಲ. ಹೇಳುವಾಗ ಅಳು ಬರಲಿಲ್ಲ. ಬಂದಿದ್ದರೆ ತಂದೆ ಅರ್ಧಕ್ಕೇ ಸಮಾಧಾನ ಮಾಡುತ್ತಿದ್ದರು, ಅದು ಅವಳಿಗೆ ಬೇಡವಾಗಿತ್ತು.

ತಂದೆ ಪೆನ್ನಿನ ಮುಚ್ಚಳ ಹಾಕಿದರು. “ಬ್ರೆಡ್ಡು ತಿಂದ್ಯಾ,” ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

“ಹೂಂ.”

“ನಿಮ್ಮಮ್ಮ ಒಂದು ಗಂಟೆಗೆ ಕೇಳಿದಳು. ‘ಮಗು ಊಟ ಮಾಡ್ತೋ ಇಲ್ವೋ’ ಅಂತ.”

ಆಗ ಮಗಳಿಗೆ ಅಳು ಬಂತು. ತಂದೆ ಸಮಾಧಾನ ಮಾಡಲಿಲ್ಲ. ರಸ್ತೆಯ ಕಡೆ ನೋಡುತ್ತ, ಯಾರಿಗೋ ಜಗಳದಲ್ಲಿ ಉತ್ತರ ಕೊಡುವವರ ಹಾಗೆ ಮಾತಾಡಿದರು.

“ಮೂವತ್ತೊಂದು ವರ್ಷ ನಾನು ಸುಳ್ಳು ಬರೆದಿಲ್ಲ ಅಂದ್ಕೊಂಡಿದ್ದೀಯಾ? ಡ್ರೈವರು ಬಂದು ಕೈ ಮುಗೀತಾನೆ. ‘ಎರಡು ನಿಮಿಷ ಹಿಂದೆ ಬರೀರಿ ಸ್ವಾಮಿ, ಇಲ್ದಿದ್ರೆ ಕಾರಣ ಕೇಳ್ತಾರೆ’ ಅಂತಾನೆ. ಪಾಪ ಅನ್ನಿಸುತ್ತೆ, ಬರೀತೀನಿ. ಎರಡು ನಿಮಿಷಕ್ಕೆ ಯಾರೂ ಸಾಯಲ್ಲ ಅಂತ ಬರೀತೀನಿ. ಎಲ್ಲ ಗಾಡೀನೂ ಹೊತ್ತಿಗೆ ಸರಿಯಾಗಿ ಬಂದಿವೆ ಅಂತ ಮೇಲಿನವರು ಓದ್ತಾರೆ. ಹೊತ್ತಿಗೆ ಬರ್ತಿವೆಯಲ್ಲ, ಇನ್ನೊಂದು ಗಾಡಿ ಯಾಕೆ ಅಂತಾರೆ. ಜನ ಫುಟ್‌ಬೋರ್ಡ್ ಮೇಲೆ ನೇತಾಡ್ತಾರೆ. ನಾನು ಬರೆದದ್ದು ದಯೆ. ಅವರು ಓದಿದ್ದು ಸುಳ್ಳು.” ಉಸಿರು ತೆಗೆದುಕೊಂಡರು. “ದೇವರ ಮುಂದೆ ನಿಂತು ಆ ಸಿಸ್ಟರನ್ನ ಶಪಿಸೋಣ ಅಂದ್ರೆ ಇವತ್ತಿಂದ ಅದಕ್ಕೂ ನನಗೆ ಬಾಯಿಲ್ಲದ ಹಾಗೆ ಮಾಡಿದೆ ನೀನು.”

“ಯಾವುದಕ್ಕೆ ಸಹಿ ಹಾಕ್ಲಿ ಅಪ್ಪಾ?”

“ನನ್ನ ಕೇಳಬೇಡ. ನನಗೆ ಈಗ ಕೋಪ ಇದೆ. ನಿನ್ನ ಮೇಲೂ ಇದೆ. ಕೋಪದಲ್ಲಿ ನಾನು ಯಾವ ಗಾಡಿಗೂ ಹೊರಡು ಅಂದಿಲ್ಲ.”

ಅವರು ಎದ್ದು ಒಳಗೆ ಹೋದರು. ಅಂದು ಊಟಕ್ಕೆ ಅವಳ ಜೊತೆ ಕೂರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂತವರು ಎಂದಿಗಿಂತ ಬಹಳ ಹೊತ್ತು ಏಳಲೇ ಇಲ್ಲ. ಸೋದರತ್ತೆ ಎರಡು ಸಲ ಬಾಗಿಲಿಂದ ಇಣುಕಿ, “ದೇವರಿಗೂ ಸ್ವಲ್ಪ ಉಸಿರಾಡೋಕೆ ಬಿಡು ಅಣ್ಣಾ,” ಎಂದು ಗೊಣಗಿ ಹೋದಳು.

ಶುಕ್ರವಾರ ಮಗಳು ಎರಡು ಪತ್ರಗಳನ್ನೂ ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಳು. ಕಂಪನಿಗೆ ಹೋದರೆ ನಿದ್ದೆ ಸಿಗುತ್ತಿತ್ತು, ಆ ವಾರ್ಡಿನ ಮುಖ ನೋಡುವುದು ತಪ್ಪುತ್ತಿತ್ತು. ಆಸ್ಪತ್ರೆಗೆ ಹೋದರೆ ದಿನಕ್ಕೆ ಹತ್ತು ಸಲ ಅಮ್ಮನ ಹಾಸಿಗೆಯ ಮುಂದೆ ಹಾಯಬೇಕು. ಕಂಪನಿಯ ಒಳಗಿದ್ದು ಬದಲಾಯಿಸಬಹುದೆಂಬ ಮಾತು ಪೂರ್ತಿ ಸುಳ್ಳಿರಲಾರದು, ಯಾರಾದರೂ ಒಳಗಿರಲೇಬೇಕಲ್ಲ ಎಂದೂ ಅನ್ನಿಸಿತು. ಆದರೆ ಆ ಗುಂಡಿಯನ್ನು ತೆಗೆಯುವ ಅಧಿಕಾರ ಅಲ್ಲಿ ಯಾರೂ ತನಗೆ ಕೊಡುವುದಿಲ್ಲ. ಅದನ್ನು ಒತ್ತದೆ ಇರುವ ಅಧಿಕಾರವನ್ನು ಆಸ್ಪತ್ರೆಯಲ್ಲಿ ಯಾರೂ ಕಿತ್ತುಕೊಳ್ಳಲಾರರು. ಮೂರು ಗಂಟೆಗೆ ಕಂಪನಿಯ ಪತ್ರಕ್ಕೆ ಎರಡು ಸಾಲಿನಲ್ಲಿ ಇಲ್ಲವೆಂದು ಬರೆದಳು. ಆಸ್ಪತ್ರೆಯ ಪತ್ರಕ್ಕೆ ಸಹಿ ಹಾಕಿದಳು. ತಂದೆಯ ಅರ್ಜಿಯ ಕೆಳಗೆ, ಗುಂಡಿ ಹೇಗೆ ಬಂತು, ಯಾರು ಕೇಳಿದರು, ಯಾರು ಸುಮ್ಮನಿದ್ದರು ಎಂದು ತನ್ನ ಹೆಸರಿನ ಸಮೇತ ಬರೆದು ಅದನ್ನೂ ಕೊಟ್ಟುಬಂದಳು.

ಎರಡು ದಿನ ತಂದೆ ಅವಳೊಡನೆ ಮಾತಾಡಲಿಲ್ಲ. ಭಾನುವಾರ ಸಂಜೆ ಅವಳು ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಬಾಗಿಲಲ್ಲಿ ನಿಂತು, “ಎಷ್ಟು ಗಂಟೆಗೆ ಅಲ್ಲಿರಬೇಕು?” ಎಂದು ಕೇಳಿದರು.

“ಎಂಟಕ್ಕೆ.”

“ಏಳು ಇಪ್ಪತ್ತರ ಬಸ್ಸು ಹಿಡಿ. ಏಳು ನಲವತ್ತರದ್ದನ್ನ ನಂಬಬೇಡ.”

ಸೋಮವಾರ ವಾರ್ಡಿನಲ್ಲಿ ನಲವತ್ತೊಂದು ರೋಗಿಗಳಿದ್ದರು. ಮೊದಲ ಸುತ್ತಿಗೆ ಮುಂಚೆಯೇ ಅವಳು ದೊಡ್ಡ ಸಿಸ್ಟರಿಗೂ ಜೊತೆಯ ನರ್ಸಿಗೂ ಹೇಳಿದಳು. ಇವತ್ತಿನಿಂದ ಆ ಗುಂಡಿ ಬೇಡ. ಮುಟ್ಟಿ ನೋಡಿದ್ದನ್ನು ಮಾತ್ರ ತುಂಬೋಣ. ನೋಡಲಾಗದ್ದು ಖಾಲಿ ಇರಲಿ.

“ಪೂರ್ತಿ ಕೆಂಪಾಗುತ್ತೆ ಡಾಕ್ಟರಮ್ಮ.”

“ಆಗಲಿ.”

ಸಿಸ್ಟರ್ ಅವಳನ್ನು ಒಂದು ಕ್ಷಣ ದಿಟ್ಟಿಸಿದಳು. “ಒತ್ತಬೇಡ ಅಂದ್ರೆ ಒತ್ತಲ್ಲ. ಫೋನು ಬಂದ್ರೆ ಮಾತ್ರ ನೀನೇ ಎತ್ತು. ನನಗೆ ನಿವೃತ್ತಿಗೆ ಇನ್ನು ಎರಡು ವರ್ಷ ಇದೆ,” ಎಂದು ಹೇಳಿ, ಒಂದನೆಯ ಹಾಸಿಗೆಯ ಹತ್ತಿರ ಹೋಗಿ ನಿಂತಳು.

ಮೂವರೂ ಬಿಡುವಿಲ್ಲದೆ ದುಡಿದರು. ಹನ್ನೊಂದು ಗಂಟೆಯ ಹೊತ್ತಿಗೆ ಗೋಡೆಯ ಮೇಲೆ ಒಂಬತ್ತು ಚೌಕ ಹಸಿರು, ಆರು ಹಳದಿ, ಉಳಿದವೆಲ್ಲ ಕೆಂಪು. ರೋಗಿಗಳನ್ನು ನೋಡಲು ಬಂದವರು ಬಾಗಿ ಬಾಗಿ ನೋಡಿ ತಮ್ಮವರ ಚೌಕ ಹುಡುಕುತ್ತಿದ್ದರು. “ಇದೇನು, ಎಲ್ಲರಿಗೂ ಒಟ್ಟಿಗೆ ಜಾಸ್ತಿಯಾಯ್ತಾ?” ಎಂದು ಒಬ್ಬ ಹೆಂಗಸು ಕೇಳಿದಳು. “ಇಲ್ಲಮ್ಮ, ನಾವು ಕಡಿಮೆ ಇದ್ದೀವಿ,” ಎಂದಳು ಸಿಸ್ಟರ್, ಎಣಿಸುವುದನ್ನು ನಿಲ್ಲಿಸದೆ.

ಫೋನು ಬಂತು. ಸೂಪರಿಂಟೆಂಡೆಂಟರೇ ಮಾತಾಡಿದರು. “ಏನು ನಡೀತಿದೆ ಅಲ್ಲಿ? ನನ್ನ ಕೋಣೇಲಿ ನಿಮ್ಮ ವಾರ್ಡು ಪೂರ್ತಿ ಕೆಂಪು ಕಾಣಿಸ್ತಿದೆ.”

“ಹೊಸದೇನೂ ನಡೀತಿಲ್ಲ ಸಾರ್. ದಿನಾ ನಡೆಯೋದೇ. ಇವತ್ತು ಕಾಣಿಸ್ತಿದೆ, ಅಷ್ಟೇ.”

“ಅಧಿಕಪ್ರಸಂಗ ಬೇಡ. ನಿಮ್ಮ ತಂದೆ ಅರ್ಜಿ ನೋಡಿದ್ದೀನಿ, ಕಂಪನಿಗೆ ಕಳಿಸಿದ್ದೀವಿ. ಆ ಸಿಟ್ಟನ್ನ ವಾರ್ಡಿಗೆ ತರಬೇಡಿ. ಒಂದು ಗಂಟೆಯೊಳಗೆ ಹಸಿರಾಗಬೇಕು.”

“ಇನ್ನು ನಾಲ್ಕು ಜನ ನರ್ಸುಗಳನ್ನ ಕಳಿಸಿ ಸಾರ್, ಆಗುತ್ತೆ.”

“ಮೊದಲನೇ ದಿನವೇ ನನಗೆ ಷರತ್ತು ಹಾಕ್ತೀರಾ?”

“ಷರತ್ತಲ್ಲ ಸಾರ್. ಒಬ್ಬ ಮನುಷ್ಯನ ನಾಡಿ ಎಣಿಸೋಕೆ ಒಂದು ನಿಮಿಷ ಬೇಕು. ಅದನ್ನ ಹೇಳ್ತಿದ್ದೀನಿ.”

ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು. ಅವಳೂ ಇಟ್ಟಳು.

ಆಮೇಲೆ ತಾನು ಬಿಟ್ಟುಬಂದ ಸಾಲಿಗೆ ಹಿಂತಿರುಗಿದಳು. ಹದಿನೇಳನೆಯ ಹಾಸಿಗೆಯಲ್ಲಿ ಒಬ್ಬ ಮುದುಕ ದಿಂಬಿಗೆ ಒರಗಿ ಕೂತಿದ್ದ. ಅವನು ಬೆಳಗಿನಿಂದ ಆ ಸಾಲಿನಲ್ಲಿ ನಾಡಿ ಎಣಿಸುವುದನ್ನೇ ನೋಡುತ್ತಿದ್ದನೆಂದು ಕಾಣುತ್ತದೆ. ಅವಳು ಹತ್ತಿರ ಬರುವ ಮೊದಲೇ ಅಂಗಿಯ ಗುಂಡಿ ಬಿಚ್ಚಿ, ತೋಳನ್ನು ಮೊಣಕೈವರೆಗೆ ಮಡಿಸಿ, ಬಡಕಲು ಕೈಯನ್ನು ಅಂಗೈ ಮೇಲಾಗಿ ಹೊದಿಕೆಯ ಮೇಲಿಟ್ಟು ಕಾಯುತ್ತಿದ್ದ. ಅವನಾಚೆ ಹದಿನೆಂಟನೆಯವನೂ ತೋಳು ಮಡಿಸಿಕೊಳ್ಳುತ್ತಿದ್ದ.